ಒಳ್ಳೆಯ ಮಾತಿಗೆ ಒಂದು ಮೊರ ರಾಗಿ

ಮನೆಯಲ್ಲಿ ಮಗು ಏನಾದರೂ ಅಶುಭದ ಮಾತು ಆಡಿದರೆ ಹಿರಿಯರು ತಕ್ಷಣ ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಮಗು ‘ಬಿಡ್ತು’ ಎಂದರೆ ಸರಿ, ಆಡಿದ ಮಾತು ಅಲ್ಲಿಗೇ ಬಿಟ್ಟುಹೋಯಿತು. ಇಲ್ಲದಿದ್ದರೆ ಮನೆಯ ಮೇಲೆ ಸುಳಿದಾಡುವ ಅಸ್ತು ದೇವತೆಗಳು ‘ಅಸ್ತು’ ಎಂದುಬಿಟ್ಟಾರು ಎಂಬ ಭಯ. ದೀಪವನ್ನು ‘ಆರಿಸು’ ಎನ್ನುವುದಿಲ್ಲ, ‘ಶಾಂತ ಮಾಡು’ ಎನ್ನುತ್ತಾರೆ. ಬಳೆ ‘ಒಡೆಯಿತು’ ಎನ್ನುವುದಿಲ್ಲ, ‘ಹೆಚ್ಚಿತು’ ಎನ್ನುತ್ತಾರೆ. ಹೊರಟವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಒಳ್ಳೆಯ ಸುದ್ದಿ ತಂದವರಿಗೆ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಎಂಬ ಹಾರೈಕೆ.

ಇವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಹಿಂದೆ ಒಂದು ಹಳೆಯ ತಿಳಿವಳಿಕೆ ಇದೆ. ಮಾತು ನಡೆದದ್ದನ್ನು ಹೇಳುವುದಷ್ಟೇ ಅಲ್ಲ, ನಡೆಯುವಂತೆಯೂ ಮಾಡುತ್ತದೆ ಎಂಬುದೇ ಅದು. ಈ ತಿಳಿವಳಿಕೆಯ ಮೇಲೆಯೇ ಬದುಕು ಕಟ್ಟಿಕೊಂಡ ಸಮುದಾಯಗಳು ನಮ್ಮಲ್ಲಿವೆ. ಕಣಿ ಹೇಳುವ ಕೊರವಂಜಿ, ಹಾಲಕ್ಕಿಯ ಶಕುನ ನುಡಿಯುವ ಬುಡುಬುಡಿಕೆಯವನು, ಮನೆತನದ ವಂಶಾವಳಿ ಹಾಡುವ ಹೆಳವ, ಕೋಲೆ ಬಸವನನ್ನು ಸಿಂಗರಿಸಿ ಕರೆತರುವವನು - ಇವರೆಲ್ಲ ಆ ಪೈಕಿಯವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರಾಗಿ ಬೆಳೆಯುವ ಹಳ್ಳಿಗಳು ಇಂಥವರಿಗೆ ಹಳೆಯ ತಿರುಗಾಟದ ದಾರಿ. ಅವರು ಕೊಡುತ್ತಿದ್ದುದು ಮಾತು, ಒಯ್ಯುತ್ತಿದ್ದುದು ಧಾನ್ಯ. ಈ ವಿನಿಮಯದಲ್ಲಿ ಯಾರು ಕೊಟ್ಟವರು, ಯಾರು ಬೇಡಿದವರು ಎಂಬುದು ಬಿಡಿಸಲು ಕಷ್ಟವಾದ ಒಗಟು. ಕಾನೂನು ಮಾತ್ರ ಅದನ್ನು ಬಹಳ ಸುಲಭವಾಗಿ ಬಿಡಿಸಿಬಿಟ್ಟಿತು.

ಕಣದಲ್ಲಿ ಮಾತಿನ ಎಚ್ಚರ

ಮಾತಿಗೂ ಸಮೃದ್ಧಿಗೂ ಇರುವ ನಂಟನ್ನು ಅರಿಯಬೇಕಾದರೆ ಮೊದಲು ರಾಗಿಯ ಕಣಕ್ಕೆ ಹೋಗಬೇಕು. ಸಗಣಿ ಸಾರಿಸಿದ ಕಣದಲ್ಲಿ ತೆನೆ ಹರಡಿ, ಎತ್ತು ಕಟ್ಟಿ ರೋಣಗಲ್ಲು ಹೊಡೆದು, ಗಾಳಿಗೆ ತೂರಿ, ಕೊನೆಗೆ ರಾಶಿ ಮಾಡುವುದು ಹಳೆಯ ಕ್ರಮ. ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕ, ಸುತ್ತ ಬೂದಿಯ ಗೆರೆ. ಅಲ್ಲಿಗೆ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಾಯಿಗೆ ಬಂದದ್ದನ್ನು ಆಡುವಂತಿಲ್ಲ. ‘ಇಷ್ಟೇನಾ’, ‘ಸಾಲದು’, ‘ಮುಗಿಯಿತು’ ಎಂಬ ಮಾತುಗಳು ಕಣದಲ್ಲಿ ನಿಷಿದ್ಧ. ‘ಹುಲುಸಾಗಲಿ’ ಎಂಬುದು ಅಲ್ಲಿಯ ಮಾತು.

ಕೊಳಗದಲ್ಲಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಕೆ ಆರಂಭವಾಗುವುದೇ ಹಾರೈಕೆಯಿಂದ. ಒಂದು ಎಂದರೆ ಒಂದೇ, ಲಾಭ ಎಂದರೆ ಅದಕ್ಕೆ ಮಿತಿಯಿಲ್ಲ. ಮಳೆ ನಂಬಿದ ಬೇಸಾಯದಲ್ಲಿ ರೈತನ ಕೈಯಲ್ಲಿ ಇರುವುದು ಕಡಿಮೆ. ಮಳೆ ಅವನ ಮಾತು ಕೇಳುವುದಿಲ್ಲ, ಹುಳು ಕೇಳುವುದಿಲ್ಲ, ಸಾಲ ಕೊಟ್ಟ ಸಾಹುಕಾರ ಕೇಳುವುದಿಲ್ಲ. ತನ್ನ ನಾಲಗೆಯೊಂದು ತನ್ನ ಹತೋಟಿಯಲ್ಲಿದೆ. ಅದನ್ನಾದರೂ ಶುಭದ ಕಡೆಗೆ ತಿರುಗಿಸಿಟ್ಟುಕೊಳ್ಳುವುದು ಅವನ ಜಾಣತನ.

ಇದೇ ಜಾಣತನ ಇನ್ನೊಂದು ಕಡೆ ಮೌನವಾಗಿಯೂ ಕಾಣಿಸುತ್ತದೆ. ಚನ್ನಪಟ್ಟಣ ತಾಲ್ಲೂಕಿನ ಕೆಂಗಲ್‌ನಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆ ಹಳ್ಳಿಕಾರ್ ಎತ್ತುಗಳಿಗೆ ಹೆಸರಾದದ್ದು. ಹಳೆಯ ಮೈಸೂರಿನ ಇಂಥ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಕುದುರಿಸುವುದುಂಟು. ಎತ್ತಿನ ಬೆಲೆ ಬಾಯಿಂದ ಹೊರಬೀಳುವುದಿಲ್ಲ. ಕೆಟ್ಟ ಕಣ್ಣು ಬೀಳದಿರಲಿ ಎನ್ನುವುದು ಒಂದು ಕಾರಣ, ಪಕ್ಕದವನಿಗೆ ದರ ತಿಳಿಯದಿರಲಿ ಎನ್ನುವುದು ಇನ್ನೊಂದು. ಹೇಗೇ ಇರಲಿ, ಆಡಿದ ಮಾತಿಗೆ ಬೆಲೆಯಿದೆ ಎಂದು ಬಲ್ಲವರು ಮಾತ್ರ ಹೀಗೆ ಮಾತು ಉಳಿಸಿಯಾರು.

ಸುಗ್ಗಿ ಬಂತೆಂದರೆ ಕಣಕ್ಕೆ ಪಾಲುದಾರರೂ ಬರುತ್ತಿದ್ದರು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ವರ್ಷದ ದುಡಿಮೆಗೆ ಇಂತಿಷ್ಟು ಧಾನ್ಯ. ಅವರ ಹಿಂದೆಯೇ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತು ಮನೆತನದ ಮೂಲಪುರುಷನಿಂದ ಹಿಡಿದು ಈಗಿನ ಯಜಮಾನನವರೆಗೆ ಹೆಸರುಗಳನ್ನು ಹೇಳಿ, ವಂಶ ಬೆಳೆಯಲಿ ಎಂದು ಹರಸುತ್ತಿದ್ದ. ಅವನಿಗೂ ಒಂದು ಪಾಲು. ರೈತನ ಲೆಕ್ಕದಲ್ಲಿ ಕುಳ ತಟ್ಟಿಕೊಟ್ಟ ಕಮ್ಮಾರನೂ ವಂಶ ಕೊಂಡಾಡಿದ ಹೆಳವನೂ ಬೇರೆಬೇರೆ ಜಾತಿಯ ಕೆಲಸಗಾರರು, ಅಷ್ಟೇ. ಒಬ್ಬನದು ಕಬ್ಬಿಣದ ಕೆಲಸ, ಇನ್ನೊಬ್ಬನದು ಮಾತಿನ ಕೆಲಸ.

ಮೊರದ ಎದುರು ಕೊರವಂಜಿ

ಈ ಮಾತಿನ ಕೆಲಸದಲ್ಲಿ ಎಲ್ಲರಿಗಿಂತ ಹೆಸರು ಮಾಡಿದವಳು ಕೊರವಂಜಿ. ಕಣಿ ಎಂಬ ಪದಕ್ಕೆ ನೋಟ ಎಂಬ ಅರ್ಥವೂ ಉಂಟು, ಭವಿಷ್ಯ ಎಂಬ ಅರ್ಥವೂ ಉಂಟು. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಬೆತ್ತ, ಹಣೆಯಲ್ಲಿ ದೊಡ್ಡ ಕುಂಕುಮ ಇವಳ ಗುರುತು. ಬುಟ್ಟಿ ಹೆಣೆಯುವುದು, ಹಚ್ಚೆ ಹುಯ್ಯುವುದು, ಕಣಿ ಹೇಳುವುದು ಕೊರಮ, ಕೊರಚ ಹೆಂಗಸರ ಕಸುಬುಗಳು.

ಕಣಿ ಕೇಳುವವಳು ಮೊರದಲ್ಲಿ ಧಾನ್ಯ ತಂದಿಡಬೇಕು. ಜತೆಗೆ ವೀಳ್ಯದೆಲೆ, ಅಡಿಕೆ, ಒಂದು ಕಾಸು. ಕೊರವಂಜಿ ಮೊದಲು ಊರೂರಿನ ದೇವತೆಗಳನ್ನು ಹೆಸರು ಹಿಡಿದು ಕರೆಯುತ್ತಾಳೆ. ತಾನು ನಡೆದು ಬಂದ ಸೀಮೆಗಳನ್ನು ಹೇಳುತ್ತಾಳೆ. ಆಮೇಲೆ ಕೈ ನೋಡಿ, ಬೆತ್ತ ಮುಟ್ಟಿಸಿ ಮಾತು ಆರಂಭಿಸುತ್ತಾಳೆ. ‘ನಿನ್ನ ಕಷ್ಟವೇನು’ ಎಂದು ಅವಳು ಕೇಳುವುದಿಲ್ಲ. ಮನಸ್ಸಿನಲ್ಲಿ ನೆನೆದುಕೋ ಎನ್ನುತ್ತಾಳೆ. ಮದುವೆ, ಮಕ್ಕಳು, ದನಕರು, ದೂರ ಹೋದ ಗಂಡ, ಕೈಬಿಟ್ಟ ಹೊಲ ಹೀಗೆ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತಾಳೆ. ಕೇಳುವವಳ ಮುಖದಲ್ಲಿ ಯಾವ ಬಾಗಿಲಿಗೆ ಬೆಳಕು ಮೂಡಿತೋ ಅಲ್ಲಿ ನಿಲ್ಲುತ್ತಾಳೆ.

ಇದರಲ್ಲಿ ಜಾಣ್ಮೆಯ ಊಹೆಯಿದೆ ಎಂಬುದು ನಿಜ. ಆದರೆ ಹೊರಗೆ ಮಾತಾಡಲು ಅವಕಾಶವಿಲ್ಲದ ಸೊಸೆಯೊಬ್ಬಳಿಗೆ ತನ್ನ ಒಳಗಿನ ಸಂಕಟ ಇನ್ನೊಬ್ಬಳ ಬಾಯಿಂದ, ಅದೂ ದೇವರ ಹೆಸರಿನಲ್ಲಿ, ಅತ್ತೆಯ ಎದುರಿಗೇ ಹೊರಬರುವುದು ಸಣ್ಣ ಸಂಗತಿಯಲ್ಲ. ಕಣಿ ಮುಗಿದಾಗ ಅವಳ ಪರಿಸ್ಥಿತಿ ಬದಲಾಗಿರದಿದ್ದರೂ ಅದಕ್ಕೊಂದು ಹೆಸರು ಸಿಕ್ಕಿರುತ್ತದೆ. ಹೆಸರು ಸಿಕ್ಕ ಕಷ್ಟ ಅರ್ಧ ಹಗುರ.

ನಮ್ಮ ಕಥೆಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಶ್ರೀನಿವಾಸನೇ ಕೊರವಂಜಿಯ ವೇಷ ಹಾಕಿ ಆಕಾಶರಾಜನ ಅರಮನೆಗೆ ಹೋಗುತ್ತಾನೆ. ಪದ್ಮಾವತಿಯ ಮನಸ್ಸಿನಲ್ಲಿರುವವನು ಯಾರು, ಅವಳನ್ನು ಯಾರಿಗೆ ಕೊಡಬೇಕು ಎಂದು ಕಣಿ ಹೇಳುತ್ತಾನೆ. ಮದುವೆ ನಿಶ್ಚಯವಾಗುತ್ತದೆ. ಇಲ್ಲಿ ಕಣಿ ಭವಿಷ್ಯವನ್ನು ಕಂಡು ಹೇಳಿದ್ದಲ್ಲ. ಹೇಳಿದ್ದರಿಂದಲೇ ಭವಿಷ್ಯ ಆಯಿತು. ಇಂಗ್ಲೆಂಡಿನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಕೆಲವು ಮಾತುಗಳು ವರದಿಯಲ್ಲ, ಕ್ರಿಯೆ ಎಂದು ವಾದಿಸಿದ. ಮಾತು ಕೊಡುವುದು, ಹೆಸರಿಡುವುದು, ಪಂಥ ಕಟ್ಟುವುದು ಅವನ ಉದಾಹರಣೆಗಳು. ಈ ವಿಚಾರಕ್ಕೆ ಕೊರವಂಜಿ ತಲೆದೂಗುತ್ತಿದ್ದಳು.

ಕನ್ನಡದ ಓದುಗರು ಅವಳ ಹೆಸರನ್ನು ಇನ್ನೊಂದು ರೀತಿಯಲ್ಲಿಯೂ ಬಲ್ಲರು. ಡಾ. ಎಂ. ಶಿವರಾಂ ಅಂದರೆ ರಾಶಿಯವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆಗೆ ‘ಕೊರವಂಜಿ’ ಎಂದೇ ಹೆಸರು. ನಗಿಸುತ್ತಾ ನಿಜ ಹೇಳುವ ಪತ್ರಿಕೆಗೆ ಅದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟವಿತ್ತು.

ಹಕ್ಕಿಯ ಮಾತು, ಬಿಲ್ಲಿನ ಮಾತು

ಕೊರವಂಜಿ ಹಗಲಿನವಳಾದರೆ ಬುಡುಬುಡಿಕೆಯವನು ನಸುಕಿನವನು. ಬಣ್ಣಬಣ್ಣದ ತೇಪೆಯ ಕೋಟು, ದೊಡ್ಡ ರುಮಾಲು, ಹೆಗಲ ತುಂಬ ಶಾಲು, ಕೈಯಲ್ಲಿ ಸಣ್ಣ ಡಮರು. ಹಾಲಕ್ಕಿಯ ಕೂಗನ್ನು ಕೇಳಿ ಅರ್ಥ ಮಾಡಿಕೊಂಡು ಬಂದೆ ಎನ್ನುತ್ತಾನೆ. ಹಾಲಕ್ಕಿ ಎಂದರೆ ಗೂಬೆಯ ಜಾತಿಯ ಸಣ್ಣ ಹಕ್ಕಿ. ಗೂಬೆ ಕೂಗಿದರೆ ಅಪಶಕುನ ಎಂದು ಹೆದರುವ ಊರಿನಲ್ಲಿ ಅದೇ ಕುಲದ ಹಕ್ಕಿಯ ಬಾಯಿಂದ ಶುಭ ನುಡಿಸುವುದು ಇವನ ಹೆಗ್ಗಳಿಕೆ. ಮನೆಯವರು ಇನ್ನೂ ಕಣ್ಣುಜ್ಜುತ್ತಿರುವಾಗ ದಿನದ ಮೊದಲ ಮಾತಾಗಿ ‘ಶುಭವಾಗುತ್ತದೆ’ ಎಂಬುದು ಕಿವಿಗೆ ಬೀಳಬೇಕು. ಅದಕ್ಕೆ ಅವನಿಗೆ ಹಳೆಯ ಬಟ್ಟೆ, ಒಂದಿಷ್ಟು ಹಿಟ್ಟು. ಅವನ ಮೈಮೇಲಿನ ತೇಪೆಗಳೆಲ್ಲ ಅವನು ಶುಭ ನುಡಿದ ಮನೆಗಳ ಲೆಕ್ಕ ಎನ್ನಬಹುದು.

ಎಲ್ಲರೂ ಶುಭವನ್ನೇ ನುಡಿದರು ಎಂದಲ್ಲ. ‘ಗಂಡಾಂತರ ಇದೆ, ಶಾಂತಿ ಮಾಡಿಸಬೇಕು’ ಎಂದು ಹೆದರಿಸಿ ದುಡ್ಡು ಕೀಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಬೀದಿಯಲ್ಲೂ ಇದ್ದಾರೆ, ಟಿ.ವಿ. ಪರದೆಯ ಮೇಲೂ ಇದ್ದಾರೆ. ಮಾತಿಗೆ ಬಲವಿದೆ ಎಂದು ಒಪ್ಪಿದ ಮೇಲೆ ಆ ಬಲದ ದುರುಪಯೋಗವನ್ನೂ ಒಪ್ಪಬೇಕಾಗುತ್ತದೆ. ಊರಿನವರು ಅದಕ್ಕೂ ಒಂದು ಕಟ್ಟು ಮಾಡಿಕೊಂಡಿದ್ದರು. ಕೆಟ್ಟದ್ದನ್ನೇ ನುಡಿಯುವವನಿಗೆ ‘ಮುಂದೆ ಹೋಗಪ್ಪ’ ಎಂಬ ಉತ್ತರ ಕಾದಿರುತ್ತಿತ್ತು. ಮುಂದಿನ ಸುಗ್ಗಿಗೂ ಇದೇ ಬಾಗಿಲಿಗೆ ಬರಬೇಕಾದವನು ನಾಲಗೆ ಬಿಗಿ ಹಿಡಿಯಲೇಬೇಕು.

ಮನೆಮನೆಯ ಕಣಿ ಒಂದು ಕಡೆಯಾದರೆ ಇಡೀ ನಾಡಿಗೆ ಒಂದೇ ಮಾತು ಹೇಳುವ ಕಾರಣಿಕ ಇನ್ನೊಂದು ಕಡೆ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಕಿಕ್ಕಿರಿದ ಜನ ಮೌನವಾಗುತ್ತಾರೆ. ಅವನು ಒಂದೇ ಒಂದು ವಾಕ್ಯ ನುಡಿದು ಕೆಳಗೆ ಬೀಳುತ್ತಾನೆ. ಆ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಆ ವಾಕ್ಯದಿಂದ ಬಿಡಿಸಿಕೊಳ್ಳುತ್ತಾರೆ. ಅರ್ಥ ಹೇಳುವುದು ಗೊರವಯ್ಯನ ಕೆಲಸವಲ್ಲ, ಕೇಳಿದವರದು.

ಯೊರುಬಾ ನಾಡಿನ ಬಂಧುಗಳು

ಇಂಥದೇ ಪರಂಪರೆಯೊಂದು ಸಮುದ್ರದಾಚೆ, ಪಶ್ಚಿಮ ಆಫ್ರಿಕಾದ ಯೊರುಬಾ ಜನರಲ್ಲಿದೆ. ನೈಜೀರಿಯದ ನೈರುತ್ಯ ಭಾಗ ಇವರ ಮುಖ್ಯ ನೆಲೆ. ಇವರ ಕಣಿಗೆ ‘ಇಫಾ’ ಎಂದು ಹೆಸರು, ಕಣಿ ಹೇಳುವವನು ‘ಬಾಬಲಾವೊ’ ಅಂದರೆ ರಹಸ್ಯಗಳ ತಂದೆ. ಹದಿನಾರು ತಾಳೆ ಬೀಜಗಳನ್ನು ಕೈಯಿಂದ ಕೈಗೆ ಹಾರಿಸಿ, ಉಳಿದದ್ದನ್ನು ನೋಡಿ, ಹುಡಿ ಹರಡಿದ ಮರದ ತಟ್ಟೆಯ ಮೇಲೆ ಗೆರೆ ಎಳೆಯುತ್ತಾನೆ. ಹೀಗೆ ಮೂಡಬಹುದಾದ ಆಕೃತಿಗಳು ಒಟ್ಟು 256. ಒಂದೊಂದಕ್ಕೂ ‘ಒಡು’ ಎಂದು ಹೆಸರು, ಒಂದೊಂದರಲ್ಲೂ ಹಲವಾರು ಪದ್ಯಗಳು. ಬಾಬಲಾವೊ ಇವನ್ನು ವರ್ಷಗಟ್ಟಲೆ ಗುರುವಿನ ಬಳಿ ಇದ್ದು ಬಾಯಿಪಾಠ ಮಾಡಿರುತ್ತಾನೆ.

ಇಲ್ಲಿಯೂ ಕೇಳುವವನು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಂದು ನಾಣ್ಯವನ್ನೋ ಕವಡೆಯನ್ನೋ ತುಟಿಯ ಬಳಿ ಹಿಡಿದು ಪಿಸುಗುಟ್ಟಿದರೆ ಸಾಕು. ಬಾಬಲಾವೊ ಪದ್ಯಗಳನ್ನು ಹೇಳುತ್ತಾ ಹೋಗುತ್ತಾನೆ, ತನ್ನ ಕಥೆ ಯಾವುದೆಂದು ಕೇಳುವವನೇ ಗುರುತಿಸಿಕೊಳ್ಳುತ್ತಾನೆ. ಬಯಸುವ ವರಗಳೂ ನಮಗೆ ಪರಿಚಿತವೇ: ದೀರ್ಘಾಯುಷ್ಯ, ಸಂಪತ್ತು, ಸಂಗಾತಿ, ಮಕ್ಕಳು, ಶತ್ರುವಿನ ಮೇಲೆ ಗೆಲುವು. ಆಡಿದ್ದನ್ನು ಆಗಿಸುವ ಶಕ್ತಿಗೆ ಯೊರುಬಾ ಭಾಷೆಯಲ್ಲಿ ‘ಅಶೆ’ ಎನ್ನುತ್ತಾರೆ. ಹಾರೈಕೆ ಮುಗಿದಾಗ ಸುತ್ತಲಿನವರು ‘ಅಶೆ’ ಎನ್ನುವುದೂ ಉಂಟು. ನಮ್ಮ ‘ಅಸ್ತು’ವಿಗೆ ಅದು ಎಷ್ಟು ಹತ್ತಿರ! ಪದಗಳಿಗೆ ಸಂಬಂಧವಿಲ್ಲ, ಭಾವಕ್ಕಿದೆ. ಇಫಾ ಪದ್ಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಒಳ್ಳೆಯ ನಡತೆ ಇಲ್ಲದವನ ಸಂಪತ್ತು ಅವನದಾಗಿ ಉಳಿಯದು ಎಂಬುದು ಅವುಗಳ ಮುಖ್ಯ ಬೋಧೆ.

ಎರಡು ನಾಡುಗಳ ನಡುವೆ ಕಣ್ಣಿಗೆ ಕಾಣುವ ಕೊಂಡಿಯೂ ಒಂದಿದೆ. ನಮ್ಮ ಜೋಗತಿಯರ, ಗೊರವರ ಕೊರಳಿನ ಕವಡೆ ಯೊರುಬಾ ನಾಡಿನಲ್ಲಿ ಒಂದು ಕಾಲದ ಹಣ, ಕಣಿಯ ಸಾಧನವೂ ಹೌದು. ಮಾಲ್ಡೀವ್ಸ್ ದ್ವೀಪಗಳ ಕವಡೆ ಭಾರತದ ಬಂದರುಗಳ ಮೂಲಕ ಯುರೋಪಿಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ಅದರಿಂದ ಗುಲಾಮರನ್ನೂ ಕೊಂಡರು. ಹಾಗೆ ಮಾರಾಟವಾಗಿ ಹಡಗೇರಿದ ಯೊರುಬಾ ಜನ ಕ್ಯೂಬಾ, ಬ್ರೆಜಿಲ್‌ಗಳಿಗೆ ಏನನ್ನೂ ಒಯ್ಯಲಾಗಲಿಲ್ಲ. ಬಾಯಲ್ಲಿದ್ದ ಇಫಾ ಮಾತ್ರ ಅವರೊಂದಿಗೆ ಹೋಯಿತು, ಅಲ್ಲಿ ಬದುಕಿಯೂ ಉಳಿಯಿತು.

ರೈಲು ಬಂತು, ಉಪ್ಪು ಹೋಯಿತು

ನಮ್ಮ ಕಣಿಯವರ ಕಥೆ ಬೇರೆ ದಾರಿ ಹಿಡಿಯಿತು. ಕೊರಮ, ಕೊರಚರ ಹಲವು ಗುಂಪುಗಳಿಗೆ ಕಣಿ, ಬುಟ್ಟಿಗಳ ಜತೆಗೆ ಇನ್ನೊಂದು ದೊಡ್ಡ ಕಸುಬಿತ್ತು. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ತಂದು ಧಾನ್ಯಕ್ಕೆ ಮಾರುವುದು. ಉಪ್ಪು ಕೊರಚ ಎಂಬ ಹೆಸರು ಬಂದದ್ದೇ ಹೀಗೆ. ಗಂಡಸರು ಉಪ್ಪು ಹೊತ್ತು ಬಂದರೆ ಹೆಂಗಸರು ಮಾತು ಹೊತ್ತು ಬರುತ್ತಿದ್ದರು. ಎರಡೂ ಮನೆಗೆ ಬೇಕಾದವೇ.

1876-78ರ ಧಾತು-ಈಶ್ವರ ಬರ ಈ ಏರ್ಪಾಡನ್ನು ಅಲುಗಿಸಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿದಿತ್ತು. ರಾಗಿ ತುಂಬಿಡುವ ಹಗೇವುಗಳೇ ಬರಿದಾದಾಗ ಮೊರಕ್ಕೆ ಹಾಕುವುದೇನನ್ನು? ಬರದ ಕಾಲದ ಪರಿಹಾರ ಕಾಮಗಾರಿಯಾಗಿ ಕೈಗೆತ್ತಿಕೊಂಡ ಬೆಂಗಳೂರು-ಮೈಸೂರು ರೈಲುದಾರಿ ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದು 1882ರ ಹೊತ್ತಿಗೆ ಮೈಸೂರು ಮುಟ್ಟಿತು. ದಕ್ಷಿಣ ಭಾರತದ ಉದ್ದಕ್ಕೂ ಆಗಿದ್ದೇ ಇಲ್ಲೂ ಆಯಿತು: ಉಪ್ಪು ರೈಲು ಹತ್ತಿತು, ಹೇರೆತ್ತಿನ ವ್ಯಾಪಾರ ಸತ್ತಿತು. ಕಸುಬು ಹೋದ ಮೇಲೂ ತಿರುಗಾಟ ಉಳಿಯಿತು. ಕಾರಣವಿಲ್ಲದೆ ತಿರುಗುವವರು ಎಂದರೆ ಆಳುವವರ ಕಣ್ಣಿಗೆ ಕಳ್ಳರು.

ಬ್ರಿಟಿಷರು 1871ರಲ್ಲಿಯೇ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿದ್ದರು. 1911ರ ತಿದ್ದುಪಡಿಯ ನಂತರ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರವರ ಹಲವು ಗುಂಪುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು. ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು, ಊರು ಬಿಡಲು ಅನುಮತಿ ಬೇಕು. ಕನಕಪುರದ ದಕ್ಷಿಣಕ್ಕೆ ಕಾವೇರಿ ದಾಟಿದರೆ ಸಿಗುವ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗ; ಹೊಳೆಯ ಆಚೆ ದಡದಲ್ಲೇ ಆ ಕಾಯಿದೆಯ ಆಳ್ವಿಕೆ. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. ಆದರೆ ಅಷ್ಟು ವರ್ಷ ಕಾಗದದ ಮೇಲೆ ಬರೆದಿಟ್ಟ ‘ಅಪರಾಧಿ’ ಎಂಬ ಒಂದು ಪದ ಜನರ ಮನಸ್ಸಿನಿಂದ ಅಷ್ಟು ಬೇಗ ರದ್ದಾಗಲಿಲ್ಲ. ಇನ್ನೊಬ್ಬರ ಮನೆಯ ಬಾಗಿಲಲ್ಲಿ ಶುಭ ನುಡಿದು ಬದುಕಿದವರ ಮೇಲೆಯೇ ಅಧಿಕಾರದ ಅಶುಭ ನುಡಿ ಬಿತ್ತು. ಅದಕ್ಕೆ ‘ಬಿಡ್ತು ಅನ್ನು’ ಎನ್ನುವ ಹಿರಿಯರು ಯಾರೂ ಇರಲಿಲ್ಲ.

ಭಿಕ್ಷೆಯೋ, ವಿದ್ಯೆಯೋ

1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯಿದೆ ಹಾಡುವುದು, ಕುಣಿಯುವುದರ ಜತೆಗೆ ಭವಿಷ್ಯ ಹೇಳಿ ಹಣ ಪಡೆಯುವುದನ್ನೂ ಭಿಕ್ಷೆಯ ವ್ಯಾಖ್ಯೆಯಲ್ಲಿ ಸೇರಿಸಿತು. ಆ ಕಾಯಿದೆ ದೆಹಲಿಗೂ ಅನ್ವಯವಾಗಿತ್ತು. 2018ರಲ್ಲಿ ದೆಹಲಿ ಹೈಕೋರ್ಟು ಭಿಕ್ಷೆಯನ್ನು ಅಪರಾಧವೆನ್ನುವ ಅದರ ಹಲವು ಕಲಮುಗಳನ್ನು ಅಲ್ಲಿ ಅಸಿಂಧುಗೊಳಿಸಿತು. ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಭವಿಷ್ಯ ಹೇಳಿದರೆ ಅದು ವೃತ್ತಿ, ಬೀದಿಯಲ್ಲಿ ನಿಂತು ಹೇಳಿದರೆ ಭಿಕ್ಷೆ ಎಂಬ ತರ್ಕ ಇದರ ಹಿಂದಿತ್ತು.

ಇಫಾ ಪರಂಪರೆಯನ್ನು ಯುನೆಸ್ಕೊ 2005ರಲ್ಲಿ ಮಾನವ ಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು. ಇಫಾ ಪದ್ಯಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದ ವಾಂಡೆ ಅಬಿಂಬೊಲಾ ಸ್ವತಃ ಬಾಬಲಾವೊ. ಅವರು 1982ರಿಂದ 1989ರವರೆಗೆ ಇಫೆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅಲ್ಲಿ ಕಣಿಯ ವಿದ್ಯೆ ವಿಶ್ವವಿದ್ಯಾಲಯದ ಬಾಗಿಲು ದಾಟಿತು. ಇಲ್ಲಿ ಕಣಿಯವಳು ಮನೆಯ ಹೊಸ್ತಿಲು ದಾಟಲಿಲ್ಲ. ಕೊರಮ, ಕೊರಚರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಅವರ ಮಕ್ಕಳು ಶಾಲೆ ಸೇರಿ ಬೇರೆ ಕೆಲಸ ಹಿಡಿದು ಕಣಿ ಬಿಟ್ಟರೆ ಅದಕ್ಕಾಗಿ ದುಃಖಪಡುವ ಹಕ್ಕು ಉಳಿದವರಿಗಿಲ್ಲ. ಬುಟ್ಟಿ ಹೊತ್ತು ಬಿಸಿಲಲ್ಲಿ ತಿರುಗಿದವರು ನಾವಲ್ಲ.

ಆದರೆ ಬಿಡುವುದು ಬೇರೆ, ಮರೆಯುವುದು ಬೇರೆ. ರಾಮನಗರದ ಬಳಿ ಬೆಂಗಳೂರು-ಮೈಸೂರು ರಸ್ತೆಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಲ್ಲಿ ಆರಂಭವಾಯಿತು. ಹಳ್ಳಿಯ ಬದುಕಿನ ಪರಿಕರಗಳು, ವಾದ್ಯಗಳು ಅಲ್ಲಿ ಕಾಣಸಿಗುತ್ತವೆ. ಬುಟ್ಟಿ, ಮೊರಗಳನ್ನು ಹಾಗೆ ಕಾದಿಡಬಹುದು. ಮೊರದ ಎದುರು ಕುಳಿತವಳು ಏನು ಹೇಳುತ್ತಿದ್ದಳು, ಯಾವ ದೇವತೆಗಳನ್ನು ಯಾವ ಕ್ರಮದಲ್ಲಿ ಕರೆಯುತ್ತಿದ್ದಳು, ಯಾವ ಮುಖಕ್ಕೆ ಯಾವ ಮಾತು ಆರಿಸುತ್ತಿದ್ದಳು ಎಂಬುದು ಅವಳನ್ನೇ ಕೂರಿಸಿ, ಗೌರವಧನ ಕೊಟ್ಟು, ಧ್ವನಿಮುದ್ರಿಸಿಕೊಂಡರೆ ಮಾತ್ರ ಉಳಿದೀತು. ಅದಕ್ಕೆ ಈಗಲೂ ಸಮಯವಿದೆ, ಆದರೆ ಹೆಚ್ಚಿಲ್ಲ.

ಮಾತಿನಿಂದ ಸಮೃದ್ಧಿ ಬರುತ್ತದೆ ಎಂಬ ನಂಬಿಕೆ ಈ ಸೀಮೆಯಿಂದ ಹೋಗಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಟಿಪ್ಪುವಿನ ಕಾಲಕ್ಕೆ ಶಂಶೇರಾಬಾದ್, ಕಂಪನಿಯ ಕಾಲಕ್ಕೆ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಆ ಹೆಸರಿನಲ್ಲೇ ಜಿಲ್ಲೆ ಆಯಿತು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಬೆಂಗಳೂರಿನ ಹೆಸರು ಸೇರಿದರೆ ಬಂಡವಾಳ ಬರುತ್ತದೆ, ಅಭಿವೃದ್ಧಿಯಾಗುತ್ತದೆ ಎಂಬುದು ಅದರ ಪರವಾಗಿ ಕೇಳಿಬಂದ ವಾದ. ಒಳ್ಳೆಯ ಹೆಸರು ನುಡಿದರೆ ಒಳ್ಳೆಯದಾಗುತ್ತದೆ ಎಂಬುದು ಅಪ್ಪಟ ಕಣಿಯ ಮಾತು. ವಿಧಾನಸೌಧದಿಂದ ಬಂದಾಗ ಅದಕ್ಕೆ ಯೋಜನೆ ಎನ್ನುತ್ತೇವೆ. ಬುಟ್ಟಿ ಹೊತ್ತವಳು ಹೇಳಿದಾಗ ‘ಮುಂದೆ ಹೋಗಮ್ಮ’ ಎನ್ನುತ್ತೇವೆ.